ಕೆಂಪು ಲಾರಿಯ ಚಿಲಕ

ನಮ್ಮ ಮನೆಯ ಎಮ್ಮೆ ಬಾವಿಗೆ ಬಿದ್ದ ದಿನ ನಾನು ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾರೆ. ಅಳುವುದಕ್ಕೆ ನನಗೆ ಪುರುಸೊತ್ತು ಎಲ್ಲಿತ್ತು? ಉಡುಪಿಯಿಂದ ಬಂದ ಫಯರ್ ಇಂಜಿನ್ ನಮ್ಮ ಓಣಿಯ ಬಾಯಿಯಲ್ಲಿ ನಿಂತಿತ್ತು. ಎರಡೂ ಕಡೆ ಮುರಕಲ್ಲಿನ ಪಾಗಾರ, ಒಳಗೆ ಬರಲು ಜಾಗವಿಲ್ಲ. ಸಿಬ್ಬಂದಿ ಹಗ್ಗ, ರಾಟೆ, ಬಲೆ ಹೊತ್ತುಕೊಂಡು ಬಾವಿಯ ಕಡೆ ಓಡಿದರು, ಊರಿಗೆ ಊರೇ ಅವರ ಬೆನ್ನು ಹತ್ತಿತು. ನಾನೊಬ್ಬಳು ಎದುರು ದಿಕ್ಕಿಗೆ, ಲಾರಿಯ ಕಡೆಗೆ ಓಡಿದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಉಡುಪಿ ಆಗಿನ್ನೂ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು.

ಉದ್ದ ಮೂತಿಯ ಟಾಟಾ ಲಾರಿ ಅದು. ಚಾಲಕರು ಗಾಡಿ ಬಿಟ್ಟು ಕದಲುವಂತಿರಲಿಲ್ಲವೋ ಏನೋ, ಬಾಗಿಲು ತೆರೆದಿಟ್ಟು ಬೀಡಿ ಸೇದುತ್ತಿದ್ದರು. ಫಯರ್ ಇಂಜಿನಿನ ಚಾಲಕ ಬೀಡಿ ಸೇದಬಹುದೇ ಎಂದು ನನಗೆ ಆಶ್ಚರ್ಯ. ಪಕ್ಕದಲ್ಲಿ ಹಿತ್ತಾಳೆಯ ಗಂಟೆ, ಅದರ ನಾಲಗೆಗೆ ಕಟ್ಟಿದ ಹುರಿ. "ಹೊಡೆಯುತ್ತೀಯಾ?" ಎಂದು ಕೇಳಿದರು. ಹೊಡೆದೆ. ಬಾವಿಕಟ್ಟೆಯಲ್ಲಿದ್ದವರು ಇನ್ನೆಲ್ಲಿ ಏನಾಯಿತು ಎಂದು ಗಾಬರಿಯಾಗಿ ತಿರುಗಿ ನೋಡಿದರಂತೆ. ನನಗೆ ಎರಡು ಏಟು ಬಿದ್ದದ್ದು ಎಮ್ಮೆ ಮೇಲೆ ಬಂದ ಮೇಲೆ.

ಆದರೆ ಆ ದಿನ ನನ್ನೊಳಗೆ ಉಳಿದದ್ದು ಗಂಟೆಯಲ್ಲ. ಚಾಲಕರು ಎರಡು ಹೋಸ್ ಪೈಪುಗಳ ತುದಿಗಳನ್ನು ಕೈಯಲ್ಲಿ ಹಿಡಿದು ತೋರಿಸಿದರು. ಒಂದು ಗಂಡು, ಒಂದು ಹೆಣ್ಣು. ನಲ್ಲಿಯ ಹಾಗೆ ತಿರುಪು ಇಲ್ಲ, ಸುತ್ತಿಸುವ ಕೆಲಸ ಇಲ್ಲ. ಎದುರುಬದುರು ಹಿಡಿದು ಒತ್ತಿದರು, ಟಕ್ ಎಂದು ಕೂತಿತು. ಬಿಚ್ಚಬೇಕಾದರೆ ಎರಡು ಪಕ್ಕದ ಕಿವಿಗಳನ್ನು ಹಿಡಿದು ಎಳೆಯಬೇಕು. "ಕತ್ತಲೆಯಲ್ಲಿ, ಹೊಗೆಯಲ್ಲಿ, ಕೈ ನಡುಗುತ್ತಿರುವಾಗ ಹಾಕುವುದು ಇದು" ಎಂದರು. ಅದು 63 ಮಿಲಿಮೀಟರಿನ ಕಪ್ಲಿಂಗ್ ಎಂದು ಗೊತ್ತಾಗಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು. ಈಗಲೂ ನಮ್ಮ ಠಾಣೆಗಳ ಹೋಸುಗಳಲ್ಲಿ ಅದೇ ಅಳತೆ, ಅದೇ ಟಕ್.

ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ ಬಸ್ಸಿಗೆ ಬಾಡಿ ಕಟ್ಟುವ ವರ್ಕ್‌ಶಾಪ್ ಒಂದರ ಡ್ರಾಯಿಂಗ್ ಕೋಣೆ ಸೇರಿದೆ, ಅಲ್ಲಿಯೇ ಕೂದಲು ಹಣ್ಣಾಯಿತು. ಕರಾವಳಿಯ ಸರ್ವೀಸ್ ಬಸ್ಸುಗಳ ಕಂಬ, ಚಾವಣಿ, ಮೆಟ್ಟಿಲು, ಡಿಕ್ಕಿ ಎಲ್ಲ ಗೆರೆ ಗೆರೆಯಾಗಿ ಗೊತ್ತು. ಬಸ್ಸು ನನ್ನ ಅನ್ನ. ಹುಚ್ಚು ಮಾತ್ರ ಕೆಂಪು ಲಾರಿಯದ್ದೇ. ಎಲ್ಲಿಯಾದರೂ ಫಯರ್ ಇಂಜಿನ್ ನಿಂತದ್ದು ಕಂಡರೆ ಸ್ಕೂಟರ್ ತಾನಾಗಿ ನಿಲ್ಲುತ್ತದೆ. ಪರ್ಯಾಯದ ರಾತ್ರಿ ಜನ ಮೆರವಣಿಗೆ ನೋಡುತ್ತಾರೆ, ನಾನು ಬೀದಿಯ ಮೂಲೆಯಲ್ಲಿ ಸಿದ್ಧವಾಗಿ ನಿಂತ ವಾಟರ್ ಟೆಂಡರಿನ, ಅಂದರೆ ನೀರಿನ ತೊಟ್ಟಿ ಹೊತ್ತ ಫಯರ್ ಇಂಜಿನಿನ, ಹಿಂಭಾಗ ನೋಡುತ್ತೇನೆ. ಗಂಡನಿಗೆ ಅಭ್ಯಾಸವಾಗಿದೆ, ಕಡಲೆ ತಿನ್ನುತ್ತಾ ಕಾಯುತ್ತಾರೆ.

ಈ ಹುಚ್ಚು ಇರುವವರೆಲ್ಲ ಸಾಮಾನ್ಯವಾಗಿ ಮುಖ ನೋಡುತ್ತಾರೆ. ಫೋಟೊಗಳೂ ಹಾಗೆಯೇ: ಹೊಳೆಯುವ ಗ್ರಿಲ್, ಸಾಲು ದೀಪ, ಸೈರನ್. ಅಮೆರಿಕದ ಗಾಡಿಗಳಂತೂ ಮದುವಣಗಿತ್ತಿಯ ಹಾಗೆ, ಮೈತುಂಬ ಕ್ರೋಮ್. ನಾನು ಪಕ್ಕೆ ನೋಡುವವಳು. ಫಯರ್ ಇಂಜಿನಿನ ವಿನ್ಯಾಸ ಚೆನ್ನಾಗಿದೆಯೋ ಇಲ್ಲವೋ ಎನ್ನುವುದು ಅದರ ಖಾನೆಗಳ ಬಾಗಿಲಿನಲ್ಲಿ ತಿಳಿಯುತ್ತದೆ. ಇದನ್ನು ನಾನು ಓದಿ ಕಲಿತದ್ದಲ್ಲ, ಮುಖಭಂಗವಾಗಿ ಕಲಿತದ್ದು.

ವರ್ಷಗಳ ಹಿಂದೆ ನಮ್ಮ ವರ್ಕ್‌ಶಾಪಿಗೆ ಕಾರ್ಖಾನೆಯೊಂದರ ಸ್ವಂತ ಬಳಕೆಗೆ ಸಣ್ಣ ವಾಟರ್ ಟೆಂಡರ್ ಕಟ್ಟಿಕೊಡುವ ಕೆಲಸ ಬಂತು. ಧಣಿಗಳಿಗೆ ಉತ್ಸಾಹ. "ಬಸ್ಸು ಕಟ್ಟುವವರಿಗೆ ಇದೇನು ಮಹಾ? ಜನರ ಬದಲು ನೀರು, ಅಷ್ಟೆ." ನಕ್ಷೆ ನನ್ನದು. ಮೂರು ವಾರ ನಿದ್ದೆಗೆಟ್ಟು ಬಿಡಿಸಿದೆ. ಗಾಡಿ ಸಿದ್ಧವಾಗಿ, ಬಣ್ಣ ಒಣಗಿ, ಪರಿಶೀಲನೆಗೆಂದು ನಿವೃತ್ತ ಅಗ್ನಿಶಾಮಕ ಅಧಿಕಾರಿಯೊಬ್ಬರು ಬಂದರು. ಒಂದು ಸುತ್ತು ಹಾಕಿದರು. ಚೀಲದಿಂದ ಚರ್ಮದ ಕೈಗವಸು ತೆಗೆದು ನನ್ನ ಕೈಗೆ ಕೊಟ್ಟರು. "ಹಾಕಿಕೊಂಡು ಈ ಬಾಗಿಲು ತೆರೆಯಿರಿ."

ನಾನು ಹಾಕಿಸಿದ್ದು ಬಸ್ಸಿನ ಡಿಕ್ಕಿಯ ಚಿಲಕ. ಒಳಕ್ಕೆ ತಗ್ಗಿದ, ಎರಡು ಬೆರಳು ತೂರಿಸಿ ಮೇಲೆತ್ತುವ ಬಗೆಯದು. ಗಾಳಿಗೆ ಅಡ್ಡವಿಲ್ಲ, ಗೋಡೆಗೆ ತಾಗುವುದಿಲ್ಲ, ಬಸ್ಸಿಗೆ ಬಹಳ ಚೆಂದ. ಕೈಗವಸಿನ ಬೆರಳು ಒಳಗೆ ಹೋಗಲೇ ಇಲ್ಲ. ಅಡ್ಡ ಹಿಡಿದೆ, ಉದ್ದ ಹಿಡಿದೆ, ಒಂದು ಬೆರಳಲ್ಲಿ ಎತ್ತಿದೆ. ವೆಲ್ಡರ್‌ಗಳು, ಪೇಂಟರ್‌ಗಳು ಎಲ್ಲರೂ ಸುತ್ತ ನಿಂತಿದ್ದರು. ಕೊನೆಗೆ ಗವಸು ಕಳಚಿ ತೆರೆದೆ. ಅವರು ಏನೂ ಹೇಳದೆ ಬಾಗಿಲ ಕೆಳಗೆ ಬಂದು ನಿಂತರು. ಮೇಲಕ್ಕೆ ತೆರೆದುಕೊಳ್ಳುವ ಬಾಗಿಲು. ಅದರ ಅಂಚು ಸರಿಯಾಗಿ ಅವರ ಹುಬ್ಬಿನ ಎತ್ತರಕ್ಕೆ ಬಂದಿತ್ತು.

ಗಾಡಿಯ ಎಂಟೂ ಬಾಗಿಲುಗಳು ಬದಲಾದವು. ಪಕ್ಕಕ್ಕೆ ತೆರೆಯುವ ಬಾಗಿಲೂ ಆಗುವುದಿಲ್ಲ, ಏಕೆಂದರೆ ಇಕ್ಕಟ್ಟಿನ ಬೀದಿಯಲ್ಲಿ ಅದು ತೆರೆದು ನಿಂತರೆ ಪೈಪು ಎಳೆದುಕೊಂಡು ಓಡುವವನಿಗೆ ಅಡ್ಡ ಗೋಡೆ. ಕೆಳಕ್ಕೆ ಮಡಚುವುದು ಮೆಟ್ಟಿಲಾಗಿ ಉಪಯೋಗಕ್ಕೆ ಬರುತ್ತದೆ, ಆದರೆ ಖಾನೆಯ ಹಿಂದಿನ ಸಾಮಾನಿಗೆ ಕೈ ಎಟಕುವುದಿಲ್ಲ. ಉಳಿದದ್ದು ಶಟರ್. ನಮ್ಮ ಅಂಗಡಿಯ ಶಟರೇ, ಆದರೆ ಅಲ್ಯೂಮಿನಿಯಮ್ಮಿನ ಸಣ್ಣ ಪಟ್ಟಿಗಳದ್ದು, ಅಡ್ಡಕ್ಕೆ ಒಂದು ಉದ್ದದ ಹಿಡಿ. ಎಡಗೈಯೋ ಬಲಗೈಯೋ, ಗವಸೋ ಬರಿಗೈಯೋ, ಎಲ್ಲಿ ಹಿಡಿದು ನೂಕಿದರೂ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತದೆ, ಹೊರಗಡೆ ಒಂದಂಗುಲ ಜಾಗ ಕೇಳುವುದಿಲ್ಲ. ಯುರೋಪಿನ ಗಾಡಿಗಳ ಪಕ್ಕೆಯ ತುಂಬ ಇದೇ ಇರುವುದನ್ನು ನಾನು ಆಮೇಲೆ ಚಿತ್ರಗಳಲ್ಲಿ ಗಮನಿಸಿದೆ. ದೋಷವಿಲ್ಲದೆ ಇಲ್ಲ. ಸುರುಳಿ ಖಾನೆಯ ಮೇಲ್ಭಾಗದ ಜಾಗವನ್ನು ನುಂಗುತ್ತದೆ, ನಮ್ಮ ಉಪ್ಪುಗಾಳಿಗೆ ಪಟ್ಟಿಗಳು ಹಿಡಿದುಕೊಳ್ಳುತ್ತವೆ, ವಾರಕ್ಕೊಮ್ಮೆ ಒರೆಸಬೇಕು. ಆದರೂ ನನ್ನ ಮತ ಶಟರಿಗೆ.

ನೀರಿನ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ವಾಟರ್ ಟೆಂಡರಿನ ತೊಟ್ಟಿ 4,500 ಲೀಟರಿನದು. ಅಂದರೆ ನಾಲ್ಕೂವರೆ ಟನ್ನು. ಒಬ್ಬ ಪ್ರಯಾಣಿಕನಿಗೆ 68 ಕಿಲೋ ಎಂದು ಹಿಡಿದರೆ 66 ಜನ. ಲೆಕ್ಕ ಇಷ್ಟೇ ಆಗಿದ್ದರೆ ಧಣಿಗಳು ಹೇಳಿದ್ದು ಸರಿಯಾಗುತ್ತಿತ್ತು. ಆದರೆ ಜನ ಕಂಬಿ ಹಿಡಿದುಕೊಳ್ಳುತ್ತಾರೆ, ನೀರು ಹಿಡಿದುಕೊಳ್ಳುವುದಿಲ್ಲ. ಮಣಿಪಾಲದ ಇಳಿಜಾರಿನಲ್ಲಿ ನಮ್ಮ ಎಕ್ಸ್‌ಪ್ರೆಸ್ ಬಸ್ಸಿನವನು ಬ್ರೇಕ್ ಒತ್ತಿದಾಗ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಮುಂದಕ್ಕೆ ಬೀಳುತ್ತಾರಲ್ಲ, ಅವರಲ್ಲಿ ಒಬ್ಬರಿಗೂ ಕೈಯಿಲ್ಲ ಎಂದು ಭಾವಿಸಿಕೊಳ್ಳಿ. ಅದಕ್ಕೇ ತೊಟ್ಟಿಯೊಳಗೆ ಅಡ್ಡಕ್ಕೂ ಉದ್ದಕ್ಕೂ ತೂತುಗಳಿರುವ ತಡೆಗೋಡೆಗಳನ್ನು ನಿಲ್ಲಿಸುತ್ತಾರೆ, ಬ್ಯಾಫಲ್ ಎನ್ನುತ್ತಾರೆ. ನೀರು ಹರಿಯಬೇಕು, ಆದರೆ ಒಟ್ಟಿಗೆ ನುಗ್ಗಬಾರದು. ತುಂಬಿದ ತೊಟ್ಟಿಗಿಂತ ಅರ್ಧ ತುಂಬಿದ್ದೇ ಅಪಾಯ, ತುಳುಕಲು ಜಾಗ ಇರುತ್ತದೆ. ತಿರುವಿನಲ್ಲಿ ನೀರು ಒಂದು ಬದಿಗೆ ಹೋಗಿ ಗೋಡೆಗೆ ಬಡಿದು ಗಾಡಿಯನ್ನು ಹೊರಕ್ಕೆ ನೂಕುತ್ತದೆ. ಆಗುಂಬೆಯ ತಿರುವುಗಳಲ್ಲಿ ಅರ್ಧ ನೀರಿನ ಗಾಡಿ ಓಡಿಸಿದವರಿಗೆ ನನ್ನ ನಮಸ್ಕಾರ.

ಇನ್ನೊಂದು ವಿಚಿತ್ರವೆಂದರೆ ಅಷ್ಟು ಪಾಡುಪಟ್ಟು ಹೊತ್ತು ತಂದ ನೀರು ಎಷ್ಟು ಹೊತ್ತು ಬರುತ್ತದೆ ಎನ್ನುವುದು. ಓಡುವಾಗ ಚಕ್ರ ತಿರುಗಿಸಿದ ಅದೇ ಎಂಜಿನನ್ನು, ನಿಂತ ಮೇಲೆ ಪಿಟಿಒ ಮೂಲಕ, ಅಂದರೆ ಎಂಜಿನಿನ ಬಲವನ್ನು ಬೇರೆ ಯಂತ್ರಕ್ಕೆ ತಿರುಗಿಸುವ ಜೋಡಣೆಯ ಮೂಲಕ, ಪಂಪಿಗೆ ಜೋಡಿಸುತ್ತಾರೆ. ಚಾಲಕ ಇಳಿದು ಹಿಂದೆ ಬಂದು ಪಂಪ್ ಆಪರೇಟರ್ ಆಗುತ್ತಾನೆ. ಅಲ್ಲಿರುವ ಮೀಟರುಗಳ ಮುಂದೆ ನಿಂತ ಅವನನ್ನು ನೋಡಬೇಕು, ಭಾಗವತರು ತಾಳ ಹಿಡಿದು ಕೂತ ಹಾಗೆ ಇಡೀ ಆಟ ಅವನ ಕೈಯಲ್ಲಿ. ಪಂಪು 7 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 2,250 ಲೀಟರ್ ಎಸೆಯುವಂಥದ್ದಾದರೆ ಇಡೀ ತೊಟ್ಟಿ ಎರಡೇ ನಿಮಿಷಕ್ಕೆ ಬರಿದು! ಪೂರ್ತಿ ವೇಗದಲ್ಲಿ ಯಾರೂ ಬಿಡುವುದಿಲ್ಲ ಎನ್ನಿ, ಸಣ್ಣ ನಾಸಲ್ ಹಾಕಿ ನೀರನ್ನು ಪುಡಿ ಪುಡಿ ಮಾಡಿ ಎರಚುತ್ತಾರೆ. ಒಂದು ಲೀಟರ್ ನೀರು ಆವಿಯಾದರೆ 1,700 ಲೀಟರಿನಷ್ಟು ಹಿಗ್ಗುತ್ತದೆ. ಹಾಗೆ ಆವಿಯಾಗುವಾಗ ಬೆಂಕಿಯ ಶಾಖವನ್ನು ಅದು ಕುಡಿಯುತ್ತದೆ, ಸಣ್ಣ ಹನಿಯಾದಷ್ಟೂ ಬೇಗ. ಆದರೂ ನೀರು ಮುಗಿಯುವುದು ಮುಗಿಯುತ್ತದೆ. ಆಗ?

"ನಮ್ಮೂರಲ್ಲಿ ಮನೆಗೊಂದು ಬಾವಿ ಇದೆಯಲ್ಲ" ಎನ್ನುತ್ತಾರೆ ಎಲ್ಲರೂ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಪಂಪು ನೀರನ್ನು ಎಳೆಯುವುದು ಎಂದು ನಾವು ಹೇಳುತ್ತೇವೆ, ನಿಜವಾಗಿ ಅದು ಎಳೆಯುವುದಿಲ್ಲ. ಪೈಪಿನೊಳಗಿನ ಗಾಳಿಯನ್ನು ತೆಗೆದುಬಿಡುತ್ತದೆ, ಹೊರಗಿನ ವಾತಾವರಣದ ಒತ್ತಡ ನೀರನ್ನು ಮೇಲೆ ದೂಡುತ್ತದೆ. ಆ ಒತ್ತಡಕ್ಕೆ ಇರುವ ಶಕ್ತಿ ಲೆಕ್ಕದಲ್ಲಿ 10.3 ಮೀಟರ್, ಕೆಲಸದಲ್ಲಿ ಸುಮಾರು 7 ಮೀಟರ್. ಅಂದರೆ 23 ಅಡಿ. ಏಪ್ರಿಲ್ ತಿಂಗಳಲ್ಲಿ ನಮ್ಮ ಬಾವಿಯ ನೀರು ಇರುವುದು ನಲವತ್ತು ಅಡಿ ಕೆಳಗೆ. ಪದವಿನ ಮುಳಿಹುಲ್ಲಿಗೆ ಬೆಂಕಿ ಬೀಳುವುದೂ ಸರಿಯಾಗಿ ಆ ತಿಂಗಳಲ್ಲೇ. ಮಳೆಗಾಲದಲ್ಲಿ ಬಗ್ಗಿ ಕೊಡದಲ್ಲಿ ಮೊಗೆಯುವಷ್ಟು ನೀರಿರುತ್ತದೆ, ಆಗ ಯಾವ ಹುಲ್ಲೂ ಹೊತ್ತುವುದಿಲ್ಲ.

ಬಣ್ಣದ ಬಗ್ಗೆ ನನಗೂ ಪೇಂಟಿಂಗ್ ವಿಭಾಗದವರಿಗೂ ಯಾವಾಗಲೂ ಜಗಳ. ಫಯರ್ ಇಂಜಿನ್ ಕೆಂಪಗೇ ಇರಬೇಕು ಎಂದು ಅವರು. ಮುಸ್ಸಂಜೆಯ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವ ಬಣ್ಣವೇ ಕೆಂಪು. ಸಂಜೆ ಏಳಕ್ಕೆ ಅಂಗಳದ ದಾಸವಾಳ ನೋಡಿ, ಎಲೆ ಕಾಣುತ್ತದೆ, ಹೂವು ಕಾಣುವುದಿಲ್ಲ. ವಿಮಾನ ನಿಲ್ದಾಣಗಳ ಅಂತರರಾಷ್ಟ್ರೀಯ ನಿಯಮದಲ್ಲಿ ತುರ್ತು ವಾಹನಗಳಿಗೆ ಕೆಂಪು ಅಥವಾ ಹಳದಿ ಮಿಶ್ರಿತ ಹಸಿರು ಎಂದು ಎರಡೂ ಇದೆ. ಹೊಸ ಗಾಡಿಗಳ ಪಕ್ಕೆಗೆ ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸುವುದು ಈ ಕಾರಣಕ್ಕೇ. ಇಷ್ಟೆಲ್ಲ ವಾದ ಮಾಡುವ ನಾನು, ಹಸಿರು ಫಯರ್ ಇಂಜಿನ್ ಎದುರು ಬಂದರೆ ಸ್ಕೂಟರ್ ನಿಲ್ಲಿಸುತ್ತೇನೆಯೇ? ಇಲ್ಲ. ಅದು ಬೇರೆ ವಿಷಯ.

ಕಡಲ ಪಕ್ಕದ ಊರಿನಲ್ಲಿ ಬಣ್ಣಕ್ಕಿಂತ ದೊಡ್ಡ ಶತ್ರು ತುಕ್ಕು. ಉಕ್ಕಿನ ಚೌಕಟ್ಟಿಗೆ ಅಲ್ಯೂಮಿನಿಯಮ್ ತಗಡನ್ನು ನೇರವಾಗಿ ರಿವೆಟ್ ಹೊಡೆದರೆ, ನಡುವೆ ಉಪ್ಪಿನ ತೇವ ಸೇರಿ ಎರಡು ಲೋಹಗಳೂ ಸೇರಿ ಬ್ಯಾಟರಿಯಾಗುತ್ತವೆ. ಅಲ್ಯೂಮಿನಿಯಮ್ ಬಿಳಿ ಬಿಳಿ ಹುಡಿಯಾಗಿ ಉದುರುತ್ತದೆ. ನಡುವೆ ರಬ್ಬರ್ ಪಟ್ಟಿಯೋ ಸೀಲೆಂಟೋ ಇರಲೇಬೇಕು. ಯಾವ ಗಾಡಿ ನೋಡಿದರೂ ನಾನು ಮೊದಲು ಬಗ್ಗಿ ಹಿಂಚಕ್ರದ ಕಮಾನಿನ ಒಳಬದಿಗೆ ಬೆರಳು ಹಾಕುತ್ತೇನೆ. ಬೆರಳಿಗೆ ಬಿಳಿ ಹುಡಿ ಹತ್ತಿದರೆ ಕಟ್ಟಿದವನು ಘಟ್ಟದ ಮೇಲಿನವನು.

ರೆಸ್ಕ್ಯೂ ಗಾಡಿಗಳ ವಿಷಯದಲ್ಲಿ ನನಗೆ ಒಂದು ಸಣ್ಣ ಅಳುಕು ಇದೆ. ಅವುಗಳ ಖಾನೆಯಲ್ಲಿ ಹೈಡ್ರಾಲಿಕ್ ಕತ್ತರಿ, ಇಕ್ಕುಳದಂತೆ ಬಾಯಿ ಬಿಡುವ ಸ್ಪ್ರೆಡರ್, ಚಪ್ಪಟೆ ದಿಂಬಿನ ಹಾಗಿದ್ದು ಗಾಳಿ ತುಂಬಿದರೆ ಲಾರಿಯನ್ನೇ ಎತ್ತುವ ಚೀಲ ಎಲ್ಲ ಇರುತ್ತವೆ. ಕತ್ತರಿ ಕೆಲಸ ಮಾಡುವುದು 700 ಬಾರ್ ಆಸುಪಾಸಿನ ಒತ್ತಡದಲ್ಲಿ, ಹೋಸಿನ ನೀರಿನ ನೂರು ಪಟ್ಟು. ಇಂಥ ಉಪಕರಣದ ಮೊದಲ ರೂಪ 1960ರ ದಶಕದಲ್ಲಿ ಅಮೆರಿಕದಲ್ಲಿ ಜಾರ್ಜ್ ಹರ್ಸ್ಟ್ ಎಂಬವನಿಂದ ಬಂತು, ರೇಸ್ ಕಾರುಗಳಲ್ಲಿ ಸಿಲುಕಿದ ಚಾಲಕರನ್ನು ಹೊರತೆಗೆಯಲು. ಕಾರುಗಳಿಗೆ ಗೇರ್ ಶಿಫ್ಟರ್ ಮಾಡಿ ಹೆಸರಾದವನು ಅವನು. ಅಳುಕು ಏನೆಂದರೆ, ಬಸ್ಸು ಮಗುಚಿದರೂ ಚಾವಣಿ ಕುಸಿಯಬಾರದೆಂದು ಕಂಬವನ್ನು ಗಟ್ಟಿ ಮಾಡುವುದು ನನ್ನ ಕೆಲಸ. ಅದೇ ಕಂಬವನ್ನು ನಡುರಾತ್ರಿ ಹೆದ್ದಾರಿಯಲ್ಲಿ ಕತ್ತರಿಸುವುದು ಅವರ ಕೆಲಸ. ಎಐಎಸ್ 052 ಬಸ್ ಬಾಡಿ ಸಂಹಿತೆ ಬಂದ ಮೇಲೆ ತುರ್ತು ಬಾಗಿಲು, ಕಿಟಕಿ ಒಡೆಯುವ ಸುತ್ತಿಗೆ ಎಲ್ಲ ನಕ್ಷೆಯಲ್ಲಿಯೇ ಬರುತ್ತವೆ. ಆದರೂ ನಾನು ಕಂಬಕ್ಕೆ ಇನ್ನೊಂದು ಮಿಲಿಮೀಟರ್ ದಪ್ಪ ಕೊಡುವಾಗಲೆಲ್ಲ ಕತ್ತರಿ ಹಿಡಿದ ಯಾರದೋ ತೋಳು ಕಣ್ಣ ಮುಂದೆ ಬರುತ್ತದೆ.

2013ರ ಏಪ್ರಿಲ್‌ನಲ್ಲಿ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿಕೊಂಡ ಮೇಲೆ ನಮ್ಮ ಕಡೆ ಬುಲೆಟ್ ಟ್ಯಾಂಕರ್ ಕಂಡರೆ ಬಸ್ಸಿನವರೂ ದೂರ ಬಿಡುತ್ತಾರೆ. ಅಂಥ ಕಡೆ ನೀರು ಹಾಕುವುದು ಬೆಂಕಿ ಆರಿಸಲು ಅಲ್ಲ, ಟ್ಯಾಂಕರಿನ ಉಕ್ಕನ್ನು ತಂಪಾಗಿಡಲು. ಕಾದ ಉಕ್ಕು ಬಲ ಕಳೆದುಕೊಂಡು ಬಿರಿದರೆ ಒಳಗಿನದ್ದೆಲ್ಲ ಒಮ್ಮೆಗೆ ಹೊರಗೆ. ಗಾಡಿಯ ಮಾಡಿನ ಮೇಲೆ ಫಿರಂಗಿಯ ಹಾಗೆ ಕೂತಿರುವ ಮಾನಿಟರ್ ಇರುವುದು ಇಂಥದಕ್ಕೇ, ಹತ್ತಿರ ಹೋಗದೆ ದೂರದಿಂದ ಹೊಡೆಯಲು.

ವಿಮಾನ ನಿಲ್ದಾಣದ ಕ್ರ್ಯಾಶ್ ಟೆಂಡರುಗಳ ಬಗ್ಗೆ ಬರೆಯದಿದ್ದರೆ ಹುಡುಗರು ಬೇಸರಿಸಿಕೊಳ್ಳುತ್ತಾರೆ. ಆಸ್ಟ್ರಿಯಾದ ರೋಸೆನ್‌ಬಾವರ್ ಕಂಪೆನಿಯ ಪ್ಯಾಂಥರ್ ಎಲ್ಲರಿಗೂ ಅಚ್ಚುಮೆಚ್ಚು, ಸಿನಿಮಾದಿಂದ ಇಳಿದು ಬಂದ ಹಾಗಿದೆ. ಓಡುತ್ತಲೇ ನೀರು ಎಸೆಯಬಲ್ಲದು, ನಮ್ಮ ವಾಟರ್ ಟೆಂಡರಿನ ಹಾಗೆ ನಿಂತು ಪಂಪಿಗೆ ಎಂಜಿನ್ ಜೋಡಿಸಬೇಕಾಗಿಲ್ಲ. ರನ್‌ವೇಯ ಯಾವ ಮೂಲೆಗಾದರೂ ಮೂರು ನಿಮಿಷದೊಳಗೆ ತಲುಪಬೇಕೆಂಬ ನಿಯಮಕ್ಕೆ ಕಟ್ಟಿದ ಗಾಡಿಗಳು ಇವು. ಆದರೆ 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದದ್ದು ರನ್‌ವೇಯ ಮೇಲಲ್ಲ, ಅದರಾಚೆಯ ಕೆಂಜಾರಿನ ಕಣಿವೆಯಲ್ಲಿ. 158 ಜನ ಹೋದರು, ಎಂಟು ಜನ ಉಳಿದರು. ನಿಲ್ದಾಣದಿಂದ ಕೆಳಗಿಳಿಯುವ ದಾರಿ ಇಕ್ಕಟ್ಟಿನದು, ಏರಿಳಿತದ್ದು. ಮೊದಲು ಓಡಿದವರು ಅಕ್ಕಪಕ್ಕದ ಮನೆಯವರು. ಆ ದಿನದಿಂದ ನನಗೆ ಯಾವ ಗಾಡಿಯ ಅಶ್ವಶಕ್ತಿಯ ಅಂಕಿ ಓದಿದರೂ ಮನಸ್ಸು ಅದರ ಅಗಲದ ಅಂಕಿಯನ್ನು ಹುಡುಕುತ್ತದೆ.

ಹಾಗಾಗಿ ನನ್ನ ಮೆಚ್ಚಿನ ಫಯರ್ ಇಂಜಿನ್ ಪ್ಯಾಂಥರ್ ಅಲ್ಲ. ಜಪಾನಿನ ಹಳ್ಳಿಗಳಲ್ಲಿ ಇರುವ ಪುಟ್ಟ ಗಾಡಿ, ಅವರು ಕೇ ಎಂದು ಕರೆಯುವ ವರ್ಗದ್ದು. 660 ಸಿಸಿ ಎಂಜಿನ್, 3.4 ಮೀಟರ್ ಉದ್ದ, 1.48 ಮೀಟರ್ ಅಗಲ ಮೀರುವಂತಿಲ್ಲ. ನಮ್ಮ ಓಮ್ನಿಯ ದಾಯಾದಿ ಎನ್ನಬಹುದು. ಹಿಂದೆ ಕೈಯಲ್ಲಿ ಎತ್ತಿ ಒಯ್ಯಬಹುದಾದ ಪಂಪು, ಸುತ್ತಿಟ್ಟ ಹೋಸು, ಅಷ್ಟೆ. ನೀರು ಹೊರುವುದಿಲ್ಲ, ನೀರಿದ್ದಲ್ಲಿಗೆ ಪಂಪನ್ನು ಹೊರುತ್ತದೆ. ಕೆರೆಯ ದಂಡೆಗೆ ಇಳಿಸಿಬಿಟ್ಟರೆ ಆ 7 ಮೀಟರಿನ ತಕರಾರೂ ಅರ್ಧ ಕಡಿಮೆ. ಅದರ ಚಿತ್ರವನ್ನು ನೋಡಿ ಗಂಡ "ಆಟಿಕೆ" ಎಂದರು. ಆಟಿಕೆಯಾದರೂ ನಮ್ಮ ಅಂಗಳದವರೆಗೆ ಬರುತ್ತದೆಯಲ್ಲ!

ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ. 1944ರಲ್ಲಿ ಅದೇ ದಿನ ಮುಂಬಯಿಯ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿದು, ಬೆಂಕಿ ಆರಿಸಲು ಹೋದ ಸಿಬ್ಬಂದಿ ಸತ್ತ ನೆನಪಿಗೆ. ಕಳೆದ ವರ್ಷದ ಸಪ್ತಾಹದಲ್ಲಿ ಪ್ರದರ್ಶನಕ್ಕಿಟ್ಟ ಗಾಡಿಯೊಂದನ್ನು ನೋಡಲು ಟೇಪು ಹಿಡಿದುಕೊಂಡೇ ಹೋಗಿದ್ದೆ. ಶಾಲೆಯ ಮಕ್ಕಳು ಸೈರನ್ ಒತ್ತಲು ಸಾಲು ನಿಂತಿದ್ದರು. ನಾನು ಶಟರಿನ ಹಿಡಿ ನೆಲದಿಂದ ಎಷ್ಟು ಎತ್ತರ ಎಂದು ಅಳೆಯುವುದನ್ನು ನೋಡಿ ಯುವ ಸಿಬ್ಬಂದಿಯೊಬ್ಬ ಬಂದು "ಏನಾದರೂ ದೂರು ಇದೆಯೇ ಅಮ್ಮ?" ಎಂದು ಕೇಳಿದ. ಇಲ್ಲ, ನಿಮ್ಮ ಕೈಗವಸು ಹಾಕಿಕೊಂಡು ಒಮ್ಮೆ ತೆರೆದು ತೋರಿಸಿ ಎಂದೆ. ಒಂದೇ ಕೈಯಲ್ಲಿ ಸರ್ರನೆ ಮೇಲೆ ಕಳಿಸಿದ. ಹೊಟ್ಟೆಕಿಚ್ಚಾಯಿತು.

ಹೊರಡುವ ಮುನ್ನ ಗಾಡಿಯ ಅಗಲವನ್ನೂ ಹಿಡಿದೆ. ಕನ್ನಡಿ ಬಿಟ್ಟು 2.45 ಮೀಟರ್. ಮನೆಗೆ ಬಂದವಳೇ ಬ್ಯಾಗ್ ಇಡುವ ಮೊದಲು ಓಣಿ ಅಳೆದೆ. ಎಮ್ಮೆ ಬಿದ್ದ ಕಾಲದ ಅದೇ ಪಾಗಾರ, ಅತಿ ಇಕ್ಕಟ್ಟಿನಲ್ಲಿ 2.38. ಏಳು ಸೆಂಟಿಮೀಟರ್ ಕಡಿಮೆ, ಅದೂ ತಿರುವಿನ ಲೆಕ್ಕ ಸೇರಿಸದೆ. ಪಕ್ಕದ ಮನೆಯ ದಾಯಾದಿ ಅಣ್ಣನ ಹತ್ತಿರ ಹೋಗಿ, ಮೂಲೆಯ ಕಲ್ಲುಗಳನ್ನು ಒಂದು ಗೇಣು ಒಳಕ್ಕೆ ಸರಿಸಿ ಕಟ್ಟೋಣ, ಖರ್ಚು ನನ್ನದು ಎಂದೆ. ಅಡಿಕೆ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ಮೊದಲು ಬೆಂಕಿ ಬೀಳಲಿ ಮಾರಾಯ್ತಿ, ಆಮೇಲೆ ನೋಡೋಣ."

ದೀಪಾವಳಿಗೆ ಅವರ ಮೊಮ್ಮಗ ಬಿಟ್ಟ ರಾಕೆಟ್ ಅವರದೇ ಬೈಹುಲ್ಲಿನ ರಾಶಿಗೆ ಬಿತ್ತು. ಕೊಡಪಾನದಲ್ಲಿಯೇ ಆರಿತು ಎನ್ನಿ, ಯಾರನ್ನೂ ಕರೆಯಬೇಕಾಗಲಿಲ್ಲ. ಮಾರನೆಯ ಬೆಳಿಗ್ಗೆ ಅಣ್ಣ ಹಾರೆ ಹಿಡಿದು ಮೂಲೆಯಲ್ಲಿ ನಿಂತಿದ್ದರು. "ಎಷ್ಟು ಎಂದೆ, ಒಂದು ಗೇಣೋ ಎರಡೋ?"

ನಾನು ಟೇಪು ತರಲು ಒಳಗೆ ಓಡಿದೆ.